ಬಿಲ್ಲಿ

ಪುಸ್ತಕದಲ್ಲಿ ಬಿಲ್ಲೆ, ಜಮಖಂಡಿ ಸಂತೆಯಲ್ಲಿ ಬಿಲ್ಲಿ. ದುಂಡಗೆ ಚಪ್ಪಟೆಯಾಗಿದ್ದರೆ ಸಾಕು, ಈ ಹೆಸರು ಒಪ್ಪುತ್ತದೆ: ಕರ್ಪೂರದ್ದು, ಜಡೆಯದ್ದು, ಪಟ್ಟೇವಾಲನ ಎದೆಯ ಮೇಲಿನದ್ದು, ಹುಡುಗಿಯರು ಕುಂಟುತ್ತ ಒದೆಯುವ ಹೆಂಚಿನ ಚೂರು. ತೆಲುಗಿನ ಬಿಳ್ಳ, ತಮಿಳಿನ ವಿಲ್ಲೈ ಇದರ ಒಡಹುಟ್ಟುಗಳು. ನಾಣ್ಯವೂ ಬಿಲ್ಲಿಯೇ. ಕಾಸು, ದುಡ್ಡು, ಆಣೆ ಇವೆಲ್ಲ ಒಂದೊಂದು ಬೆಲೆಗೆ ಕಟ್ಟಿದ ಹೆಸರುಗಳು. ದುಡ್ಡು ಅಂದರೆ ಮೊದಲು ಒಂದು ತಾಮ್ರದ ನಾಣ್ಯ, ಹಣಕ್ಕೆಲ್ಲ ಆ ಹೆಸರಾದದ್ದು ಆಮೇಲೆ. ಬಿಲ್ಲಿ ಮಾತ್ರ ಆಕಾರವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಬೆಲೆ ಎಷ್ಟೆಂಬುದು ಕೊಡುವವರ, ಕೊಳ್ಳುವವರ ನಡುವಿನ ಮಾತು.

ತೂತಿನ ಬಿಲ್ಲಿ ನೋಡಿದರೆ ಇದು ತಿಳಿಯುತ್ತದೆ. ಮಹಾಯುದ್ಧಕ್ಕೆ ತಾಮ್ರ ಬೇಕಾಗಿತ್ತು, ಪೇಟೆಯಲ್ಲಿ ಚಿಲ್ಲರೆಯೇ ಇರಲಿಲ್ಲ. 1943ರಲ್ಲಿ ಸರಕಾರ ಕಂಚಿನ ಪೈಸೆಯ ನಟ್ಟನಡುವೆ ದೊಡ್ಡ ತೂತು ಹೊಡೆದು ಬಿಟ್ಟಿತು. ತೂಕ ಬರೇ 2 ಗ್ರಾಂ. ಒಂದು ಬದಿಗೆ ತೂತಿನ ಮೇಲೊಂದು ಕಿರೀಟ, ಇನ್ನೊಂದು ಬದಿಗೆ ಸುತ್ತ ಬಳ್ಳಿ. ನಡುವೆ ಲೋಹವೇ ಇಲ್ಲ, ಆದರೂ 64 ಕೊಟ್ಟರೆ ರೂಪಾಯಿ. ತಾಯಂದಿರು ಮಕ್ಕಳ ಉಡದಾರಕ್ಕೆ ಪೋಣಿಸಿದರು, ಕೆಲವರು ವಾಶರ್ ಮಾಡಿಕೊಂಡರು.

ಆಗ ಈ ಸೀಮೆ ಒಬ್ಬರ ಕೈಯಲ್ಲಿರಲಿಲ್ಲ: ಜಮಖಂಡಿ, ಬನಹಟ್ಟಿ ಜಮಖಂಡಿಯ ಪಟವರ್ಧನ ದೊರೆಗಳವು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯದು. ರಬಕವಿಯ ನೇಕಾರ ಪಕ್ಕದ ಬನಹಟ್ಟಿಗೆ ಹೋದರೆ ಸಂಸ್ಥಾನವೇ ಬದಲಾಗುತ್ತಿತ್ತು. ಕಿಸೆಯಲ್ಲಿನ ಬಿಲ್ಲಿ ಬದಲಾಗಬೇಕಿರಲಿಲ್ಲ.

1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದು ಆಣೆಯ ಲೆಕ್ಕ ಮುಗಿಯಿತು. ಮಂದಿ ಮಾತ್ರ 25 ಪೈಸೆಯನ್ನು ನಾಲ್ಕಾಣೆ ಬಿಲ್ಲಿ ಅನ್ನುತ್ತಲೇ ಉಳಿದರು. 2011ರ ಜೂನ್ 30ಕ್ಕೆ ಅದರ ಚಲಾವಣೆಯೂ ನಿಂತಿತು.

ನನಗೆ ನಿಜವಾಗಿ ಸಂಕಟವಾಗುವುದು ಹತ್ತು ರೂಪಾಯಿ ಬಿಲ್ಲಿಯ ಪಾಡು ಕಂಡಾಗ. 14 ಬಗೆಯ ನಾಣ್ಯಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಸಾರಿದೆ. ಆದರೂ ಉತ್ತರ ಕರ್ನಾಟಕದ ಎಷ್ಟೋ ಕಡೆ "ಇದು ನಡ್ಯಾಂಗಿಲ್ರಿ" ಎಂದು ಹಿಂದಕ್ಕೆ ಸರಿಸುತ್ತಾರೆ. ಅಂಗಡಿಯವರನ್ನು ಕೇಳಿದರೆ ಗಿರಾಕಿ ತಗೊಳ್ಳೂದಿಲ್ಲ ಅನ್ನುತ್ತಾರೆ, ಗಿರಾಕಿಯನ್ನು ಕೇಳಿದರೆ ಅಂಗಡಿಯವರು. ನಡುವೆ ತೂತಿದ್ದ ಪೈಸೆಯನ್ನು ನಮ್ಮ ಅಜ್ಜಂದಿರು ನಡೆಸಿದರು. ಇದನ್ನು ನಡೆಸಲು ಮೊದಲು ಕೈ ಚಾಚುವವರು ಒಬ್ಬರು ಬೇಕು, ಅದು ಅಂಗಡಿಯವರೇ ಆಗಲಿ ಎಂಬುದು ನನ್ನ ಆಸೆ.