ಬ್ಯಾಂಕಿನ ವಕೀಲರು ಮತ್ತು ನಮ್ಮ ಉತಾರ

ಕಲಘಟಗಿ ತಾಲೂಕಿನ ತಂಬೂರಿನಂಥ ಊರಿನವರು ಮನೆ ಕೊಳ್ಳಲೆಂದು ಸಾಲ ಕೇಳಲು ಹೋದರೆ, ಪಗಾರ ಚೀಟಿ, ಸಿಬಿಲ್ ಅಂಕ ಎಲ್ಲ ನೋಡಿದ ಮೇಲೆ ಮ್ಯಾನೇಜರು ಹೇಳುವ ಮಾತು ಒಂದೇ: "ಮೊದಲ ಲೀಗಲ್ ಮಾಡಿಸ್ಕೊಂಡ ಬರ್ರಿ." ಮನೆತನದ ವ್ಯಾಜ್ಯಗಳನ್ನೆಲ್ಲ ನಡೆಸಿಕೊಟ್ಟ ವಕೀಲರು ಬರೆದುಕೊಟ್ಟರೆ ನಡೆಯುವುದಿಲ್ಲ. ಬ್ಯಾಂಕಿನ ಪ್ಯಾನೆಲ್‌ನಲ್ಲಿ ಹೆಸರಿರುವ ವಕೀಲರೇ ಆಗಬೇಕು. ಅವರು ಸರಿ ಅಂದರೆ ಸಾಲ, ಅವರು ಕೊಕ್ಕೆ ಹಾಕಿದರೆ ಸಂಚಕಾರ ಕೊಟ್ಟ ಹಣವೂ ಗಾಳಿಗೆ. ಮನೆಯ ವ್ಯವಹಾರದಲ್ಲಿ ಇಷ್ಟು ತೂಕದ ಸ್ಥಾನ ಇವರಿಗೆ ಹೇಗೆ ಬಂತು, ಇವರನ್ನು ಆರಿಸುವವರು ಯಾರು, ಇವರು ಯಾರಿಗೆ ಹೊಣೆ ಎಂಬುದನ್ನು ಸಾಲಗಾರರು ತಿಳಿದಿರಬೇಕು. ಯಾಕೆಂದರೆ ಆ ವಕೀಲರ ಫೀ ಕೊಡುವವರು ಸಾಲಗಾರರೇ.

ಸಾವಕಾರನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಯಾರ ಹೊಲ ಯಾರದು, ಯಾರ ಮನೆಯಲ್ಲಿ ಎಷ್ಟು ಜನ ಪಾಲುದಾರರು ಎಂಬುದು ಅವನಿಗೆ ಬಾಯಿಪಾಠ. ಮುದ್ದತ್ತಿನ ಖರೀದಿ ಬರೆಸಿಕೊಂಡರೆ ಮುಗಿಯಿತು. ಕಾಗದ ನೋಡಿ ಸಾಲ ಕೊಡುವ ಪದ್ಧತಿಗೆ ನಮ್ಮ ಸೀಮೆಯಲ್ಲಿ ದಾರಿ ಮಾಡಿದ್ದು ಸಹಕಾರಿ ಸಂಘಗಳು. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷವೇ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅಲ್ಲಿ ಇನ್ನೂ ಮನುಷ್ಯನ ಮೇಲಿನ ನಂಬಿಕೆಯೇ ಹೆಚ್ಚು ನಡೆಯುತ್ತಿತ್ತು. ಮುಂದೆ ದೀರ್ಘಾವಧಿ ಸಾಲಕ್ಕೆಂದು ಭೂ ಅಡಮಾನ ಬ್ಯಾಂಕುಗಳು ಬಂದವು. ಈಗಲೂ ರೈತರ ಬಾಯಲ್ಲಿರುವ ಪಿ.ಎಲ್.ಡಿ. ಬ್ಯಾಂಕುಗಳು ಅದೇ ಕುಲದವು. ಹತ್ತಾರು ವರ್ಷದ ಸಾಲಕ್ಕೆ ಹೊಲವನ್ನೇ ಒತ್ತೆ ಇಟ್ಟುಕೊಂಡ ಮೇಲೆ ಆ ಹೊಲ ನಿಜಕ್ಕೂ ಅವನದೇ ಎಂದು ನೋಡುವ ಕಾನೂನು ಸಲಹೆಗಾರರು ಬೇಕಾದರು. ಇಂದಿನ ಪ್ಯಾನೆಲ್ ವಕೀಲರ ಹಿರಿಯರು ಇವರೇ ಎನ್ನಬೇಕು.

ಬೆಳೆ ಸಾಲದ ದಾರಿ ಮಾತ್ರ ಬೇರೆಯಾಯಿತು. 1974ರ ಕರ್ನಾಟಕ ಕೃಷಿ ಸಾಲ ಕಾಯ್ದೆಯ ಪ್ರಕಾರ ರೈತ ಒಂದು ಘೋಷಣೆ ಬರೆದುಕೊಟ್ಟರೆ ಸಾಕು, ಹೊಲದ ಉತಾರದಲ್ಲಿ ಸಾಲದ ಬೋಜಾ ಏರುತ್ತದೆ. ಧಾರವಾಡವನ್ನೇ ಕೇಂದ್ರ ಮಾಡಿಕೊಂಡಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು 1976ರಿಂದ ಇಂಥ ಸಾಲ ಹಿಡಿದು ಹಳ್ಳಿ ಹಳ್ಳಿಗೆ ಹೋಯಿತು. 2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, 2025ರ ಮೇ ತಿಂಗಳಿಂದ ಅದೂ ಬಳ್ಳಾರಿ ಕೇಂದ್ರವಿರುವ ಕರ್ನಾಟಕ ಗ್ರಾಮೀಣ ಬ್ಯಾಂಕು.

ಮನೆ ಸಾಲ ದೊಡ್ಡ ದಂಧೆಯಾಗಿ ಬೆಳೆದದ್ದು ತಡವಾಗಿ. ಎಚ್.ಡಿ.ಎಫ್.ಸಿ. ಸ್ಥಾಪನೆಯಾದದ್ದು 1977ರಲ್ಲಿ, ರಾಷ್ಟ್ರೀಯ ವಸತಿ ಬ್ಯಾಂಕು 1988ರಲ್ಲಿ. ತೊಂಬತ್ತರ ದಶಕದ ನಂತರ ಸರಕಾರಿ ಬ್ಯಾಂಕುಗಳೂ ಈ ಸಾಲಕ್ಕೆ ಮುಗಿಬಿದ್ದವು. ವಕೀಲರ ಹೊಣೆಯ ಸ್ವರೂಪ ಬದಲಾಯಿಸಿದ್ದು 2002ರ ಸರ್ಫೇಸಿ ಕಾಯ್ದೆ. ಕೋರ್ಟಿನ ಮೆಟ್ಟಿಲು ಹತ್ತದೆ ಬ್ಯಾಂಕು ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು ಎಂದಾದಾಗ, ಒತ್ತೆ ಪಕ್ಕಾ ಇರುವುದೇ ಎಲ್ಲಕ್ಕಿಂತ ಮುಖ್ಯವಾಯಿತು. ಅದೇ ಕಾಯ್ದೆ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಎನ್.ಎ. (ಕೃಷಿಯೇತರ) ಆಗದ ಹೊಲದಲ್ಲಿ ಎದ್ದ ಮನೆಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಒಂದೇ ಆಸ್ತಿಯ ಮೇಲೆ ಮೂರು ಬ್ಯಾಂಕಿನಲ್ಲಿ ಸಾಲ ಎತ್ತುವ ಮೋಸ ತಡೆಯಲು 2011ರಲ್ಲಿ ಸೆರ್ಸೈ ಎಂಬ ಕೇಂದ್ರ ನೋಂದಣಿ ಶುರುವಾಯಿತು.

ಈಗ ವಕೀಲರ ಕೆಲಸಕ್ಕೆ ಬರೋಣ. ಸಾಮಾನ್ಯವಾಗಿ 13 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ಕೇಳುತ್ತಾರೆ, ಹಕ್ಕಿನ ಸರಪಳಿಯನ್ನು 30 ವರ್ಷ ಹಿಂದಕ್ಕೆ ಹಿಡಿಯುತ್ತಾರೆ. ಈ ಅಂಕಿಗಳ ಮೂಲ 1963ರ ಕಾಲಮಿತಿ ಕಾಯ್ದೆಯಲ್ಲಿದೆ. ಸ್ವಾಧೀನ ಕೇಳಲು ಇಲ್ಲವೆ ಒತ್ತೆಯ ಹಣ ವಸೂಲಿ ಮಾಡಲು 12 ವರ್ಷ, ಒತ್ತೆ ಬಿಡಿಸಿಕೊಳ್ಳಲು 30 ವರ್ಷ. ಹಳೆಯ 1908ರ ಕಾಯ್ದೆಯಲ್ಲಿ ಬಿಡಿಸಿಕೊಳ್ಳುವ ಅವಧಿ 60 ವರ್ಷವಿತ್ತು. ಇಷ್ಟೆಲ್ಲ ನೋಡಬೇಕಾದದ್ದು ನಮ್ಮಲ್ಲಿ ನೋಂದಣಿ ಎಂಬುದು ಹಕ್ಕಿನ ಗ್ಯಾರಂಟಿ ಅಲ್ಲವಾದ್ದರಿಂದ. ಉಪನೋಂದಣಾಧಿಕಾರಿ ಪತ್ರವನ್ನು ದಾಖಲು ಮಾಡುತ್ತಾರೆ. ಮಾರಿದವನಿಗೆ ಮಾರುವ ಹಕ್ಕಿತ್ತೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಆ ತೀರ್ಮಾನದ ಭಾರವೆಲ್ಲ ವಕೀಲರ ವರದಿಯ ಮೇಲೆ ಬೀಳುತ್ತದೆ.

ತಂಬೂರಿನ ಕಡೆಯ ಒಂದು ಮನೆಯ ಕಾಗದ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಿ. ಗಾವಠಾಣದ ಮನೆಗೆ ಮೂಲ ಖರೀದಿ ಪತ್ರವೇ ಇರುವುದಿಲ್ಲ. ಇರುವುದು ಪಂಚಾಯಿತಿಯ ವಿ.ಪಿ.ಸಿ. ನಂಬರು, ಅಜ್ಜನ ಹೆಸರಿನ ಉತಾರ, ಮನೆಪಟ್ಟಿ ಕಟ್ಟಿದ ಪಾವತಿ. ಅಜ್ಜ ತೀರಿದ ಮೇಲೆ ವಾರಸಾ ಆಗಿದೆ. ಆಮೇಲೆ ಅಣ್ಣತಮ್ಮಂದಿರು ಹಿರಿಯರ ಮುಂದೆ ಬಾಯಿಮಾತಿನಲ್ಲಿ ವಾಟ್ನಿ (ಪಾಲು) ಮಾಡಿಕೊಂಡು, ಅದನ್ನು ತಿಳಿಸಿ ವರ್ದಿ ಕೊಟ್ಟಿದ್ದಾರೆ. ಹೊಲಕ್ಕಾದರೆ ಆ ವರ್ದಿಯ ಮೇಲೆ ಎಂ.ಇ. (ಹಕ್ಕು ಬದಲಾವಣೆಯ ನಮೂದು) ಬಿದ್ದು ಉತಾರದಲ್ಲಿ ಹೆಸರು ಬದಲಾಗಿರುತ್ತದೆ, ಮನೆಗಾದರೆ ಪಂಚಾಯಿತಿ ಪುಸ್ತಕದಲ್ಲಿ. ಊರಿನವರ ಪಾಲಿಗೆ ಅಲ್ಲಿಗೆ ಎಲ್ಲ ಮುಗಿದ ಮಾತು. ಮುಂಬಯಿ ಆಡಳಿತದ ಕಾಲದಿಂದ ಹೀಗೆಯೇ ನಡೆದು ಬಂದಿದೆ, ಯಾರೂ ತಪ್ಪು ಮಾಡಿದವರಲ್ಲ.

ಪ್ಯಾನೆಲ್ ವಕೀಲರು ಮಾತ್ರ ಇಲ್ಲಿ ನಿಲ್ಲುತ್ತಾರೆ, ನಿಲ್ಲಲೇಬೇಕು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಟ್ಟರೂ, ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಬಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ರ ಮೊದಲೇ ತೀರಿದ್ದರೂ ಮಗಳಿಗೆ ಪಾಲುಂಟು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ವಾಟ್ನಿಗೆ ಭಯವಿಲ್ಲ. ಬಾಯಿಮಾತಿನ ವಾಟ್ನಿಯನ್ನು ಸರಕಾರಿ ದಾಖಲೆಗಳ ಬಲವಿದ್ದರೆ ಮಾತ್ರ, ಅದೂ ಅಪರೂಪಕ್ಕೆ, ಒಪ್ಪಬಹುದು. ಹಾಗಾದರೆ 1998ರ ಒಂದು ವರ್ದಿ ಅಷ್ಟು ಬಲವುಳ್ಳದ್ದೇ? ಕುಂದಗೋಳಕ್ಕೋ ನವಲಗುಂದಕ್ಕೋ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬೇಕೇ? ಬೇಕು ಎಂದು ಬರೆಯುವ ವಕೀಲರ ಮೇಲೆ ಮಾರುವವರಿಗೆ ಸಿಟ್ಟು ಬರುತ್ತದೆ. ಆದರೆ ಸೋದರಿಯರ ಹಕ್ಕು ಬಿಟ್ಟುಹೋಗದಂತೆ ಈ ಹಂತದಲ್ಲಿ ತಡೆದು ಕೇಳುವವರು ಬಹುಮಟ್ಟಿಗೆ ಈ ವಕೀಲರೇ. ಅವರ ಈ ಹಠವನ್ನು ನಾನು ಗೌರವಿಸುತ್ತೇನೆ.

ಹೊಲದ ಕಾಗದದಲ್ಲಿ ಇನ್ನಷ್ಟು ಗಂಟುಗಳಿವೆ. ಟೆನೆನ್ಸಿಯಲ್ಲಿ ಬಂದದ್ದಾದರೆ 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ವತನದ ಜಮೀನಾದರೆ ಮರುಮಂಜೂರಿ ಆಗಿದೆಯೇ ನೋಡಬೇಕು. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಭೂಮಿಯಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಡ್ಡ ಬರುತ್ತದೆ. 2023ರ ತಿದ್ದುಪಡಿಯ ನಂತರ ಅಂಥ ಭೂಮಿ ಮರಳಿ ಕೊಡಿಸಿರೆಂಬ ಅರ್ಜಿಗೆ ಕಾಲಮಿತಿಯ ತಡೆಯೂ ಇಲ್ಲ.

ದಾಖಲೆಗಳ ಕಡೆ ಸುಧಾರಣೆ ಆಗಿದೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಉತಾರಗಳನ್ನು ಗಣಕಕ್ಕೆ ಏರಿಸಿತು, ಕಾವೇರಿ ತಂತ್ರಾಂಶ ನೋಂದಣಿಯನ್ನು ಏರಿಸಿತು. ಇ-ಸ್ವತ್ತಿನ ನಮೂನೆ 9 ಮತ್ತು 11 ಬಂದ ಮೇಲೆ ಹಳ್ಳಿ ಮನೆಗೂ ಒಂದು ಗುರುತು ಸಿಕ್ಕಿತು. 2020ರ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗಾವಠಾಣ ಅಳೆದು ಕಾರ್ಡು ಕೊಡುವ ಕೆಲಸಕ್ಕೆ ಮೊದಲ ಹಂತದಲ್ಲೇ ಕರ್ನಾಟಕವೂ ಸೇರಿತ್ತು. ಆದರೂ ನಿಷ್ಠೆಯಿರುವ ವಕೀಲರು ಪರದೆ ನೋಡಿ ವರದಿ ಬರೆಯುವುದಿಲ್ಲ. ಮೂಲಪತ್ರವನ್ನು ಎದುರಿಗಿಟ್ಟುಕೊಂಡು, ಉಪನೋಂದಣಿ ಕಚೇರಿಯಿಂದ ತಾವೇ ತರಿಸಿದ ದೃಢೀಕೃತ ನಕಲಿನ ಜೊತೆ ಸಹಿ, ಮುದ್ರೆ, ಚಕ್ಕುಬಂದಿ ಎಲ್ಲ ಹೋಲಿಸುತ್ತಾರೆ. ಬಣ್ಣದ ಜೆರಾಕ್ಸನ್ನೇ ಅಸಲೆಂದು ಒತ್ತೆಯಿಟ್ಟ ಮೋಸಗಳಿಂದ ಬ್ಯಾಂಕುಗಳು ಕಲಿತ ಪಾಠವಿದು.

ಪ್ಯಾನೆಲ್ ಸೇರುವ ಬಗೆ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಸನದು ಸಿಕ್ಕು ಎಷ್ಟು ವರ್ಷವಾಯಿತು, ಸಿವಿಲ್ ಕೆಲಸದ ಅನುಭವ ಎಷ್ಟು, ಶಿಸ್ತುಕ್ರಮ ಆಗಿದೆಯೇ ಎಂದು ನೋಡಿ, ಶಾಖೆಯ ಶಿಫಾರಸಿನ ಮೇಲೆ ಪ್ರಾದೇಶಿಕ ಕಚೇರಿ ಒಪ್ಪುತ್ತದೆ. ಆಗಾಗ ಪಟ್ಟಿ ಪರಿಶೀಲಿಸುತ್ತದೆ, ದೊಡ್ಡ ಮೊತ್ತಕ್ಕೆ ಇಬ್ಬರ ವರದಿ ಕೇಳುವುದೂ ಉಂಟು. ವಂಚನೆಗೆ ಕೈಜೋಡಿಸಿದವರ ಹೆಸರನ್ನು ಬ್ಯಾಂಕುಗಳ ಸಂಘಕ್ಕೆ ತಿಳಿಸಿ ಎಚ್ಚರಿಕೆ ಪಟ್ಟಿಗೆ ಸೇರಿಸಬೇಕೆಂದು ರಿಸರ್ವ್ ಬ್ಯಾಂಕು 2009ರಲ್ಲಿ ಹೇಳಿತು. ಆಯ್ಕೆ ಮಾಡುವವರು ಜಿಲ್ಲಾ ಕೇಂದ್ರದಲ್ಲೋ ಅದಕ್ಕೂ ದೂರದಲ್ಲೋ ಇರುವುದರಿಂದ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡದ ಹೆಸರುಗಳೇ ಹೆಚ್ಚಾಗುವ ಅಪಾಯವಿದೆ. ನಗರದ ಆಸ್ತಿಯ ಸಿ.ಟಿ.ಎಸ್. ಕಾರ್ಡು ಓದಿ ಬೆಳೆದ ಕಣ್ಣಿಗೆ ವರ್ದಿಯ ಒಳಸುಳಿ ಬೇಗ ತಿಳಿಯದು. ಕಲಘಟಗಿ, ಅಣ್ಣಿಗೇರಿಯ ವಕೀಲರಿಗೆ ಪಟ್ಟಿಯಲ್ಲಿ ಜಾಗ ಸಿಗಲೇಬೇಕು.

ಇಂಗ್ಲೆಂಡಿನಲ್ಲೂ ಇಂಥ ಪಟ್ಟಿಯಿದೆ. ಆದರೆ ಅಲ್ಲಿ ಮನೆ ಕೊಳ್ಳುವವನ ಸಾಲಿಸಿಟರೇ ಸಾಮಾನ್ಯವಾಗಿ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುತ್ತಾನೆ. ಸಾಲ ಕೊಡುವವರೆಲ್ಲ ಸೇರಿ ರೂಪಿಸಿದ ಒಂದೇ ಕೈಪಿಡಿ ಅವನ ಮುಂದಿರುತ್ತದೆ. 2011ರಿಂದ ಅಲ್ಲಿಯ ಲಾ ಸೊಸೈಟಿ ಗುಣಮಟ್ಟದ ಮಾನ್ಯತೆಯನ್ನೂ ಕೊಡುತ್ತಿದೆ. ನೋಂದಣಿಯಾದ ಹಕ್ಕಿಗೆ ಸರಕಾರವೇ ಭರವಸೆ ಕೊಡುವ ನಾಡು ಅದು.

ನಮ್ಮಲ್ಲಿ ಕೊಳ್ಳುವವನು ಫೀ ಕೊಟ್ಟರೂ ವಕೀಲರು ಬ್ಯಾಂಕಿನವರು. ವರದಿ ಲಕೋಟೆಯಲ್ಲಿ ಬ್ಯಾಂಕಿಗೆ ಹೋಗುತ್ತದೆ, ಪ್ರತಿ ಸಾಮಾನ್ಯವಾಗಿ ಸಾಲಗಾರನ ಕೈಗೆ ಬರುವುದಿಲ್ಲ. ವರದಿ ತಪ್ಪಿದರೆ? ಹೈದರಾಬಾದಿನ ವಿಜಯಾ ಬ್ಯಾಂಕ್ ಶಾಖೆಯೊಂದರ ಪ್ಯಾನೆಲ್ ವಕೀಲರ ಮೇಲೆ ಸಿ.ಬಿ.ಐ. ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದ್ದು ಇಷ್ಟು: ಸಂಚಿನಲ್ಲಿ ಭಾಗಿಯಾಗದ ಹೊರತು ತಪ್ಪು ಅಭಿಪ್ರಾಯ ಕೊಟ್ಟ ಮಾತ್ರಕ್ಕೆ ವಕೀಲರು ಅಪರಾಧಿಯಲ್ಲ, ಬೇಜವಾಬ್ದಾರಿಗೆ ಬೇರೆ ಕ್ರಮವಿದೆ. ಅದು ನ್ಯಾಯವೇ. ಇಲ್ಲದಿದ್ದರೆ ಅಭಿಪ್ರಾಯ ಕೊಡಲು ಯಾರೂ ಮುಂದೆ ಬರುವುದಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಅದೇ ಕೋರ್ಟು ಹೇಳಿದ ಮೇಲೆ ಮನೆ ಕೊಂಡವನಿಗೆ ಆ ಬಾಗಿಲೂ ಮುಚ್ಚಿತು.

2025ರ ಜನವರಿಯಲ್ಲಿ ಸೆಂಟ್ರಲ್ ಬ್ಯಾಂಕಿನ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ಮುಂದಿತ್ತು. ಕುಟುಂಬದ ಆಸ್ತಿಯಲ್ಲಿ ಒಬ್ಬರು ಮಾರಿದ್ದು, ಕೊಂಡವರು ಅದನ್ನು ಬ್ಯಾಂಕಿಗೆ ಒತ್ತೆಯಿಟ್ಟದ್ದು, ಮನೆತನದ ಒಬ್ಬ ಮಹಿಳೆ ತನ್ನ ಹಕ್ಕಿಗಾಗಿ ಸಿವಿಲ್ ಕೋರ್ಟಿಗೆ ಹೋದದ್ದು ಆ ಪ್ರಕರಣ. ಆಕೆಯ ದಾವೆ ನಡೆಯಬಹುದು ಎಂದ ನ್ಯಾಯಾಲಯ, ಹಕ್ಕು ಪರಿಶೀಲನಾ ವರದಿಗೆ ದೇಶದಲ್ಲಿ ಏಕರೂಪದ ಚೌಕಟ್ಟೇ ಇಲ್ಲವೆಂದು ಗಮನಿಸಿ, ರಿಸರ್ವ್ ಬ್ಯಾಂಕು ಮತ್ತು ಸಂಬಂಧಪಟ್ಟವರು ಕೂಡಿ ಅದನ್ನು ರೂಪಿಸಬೇಕು, ಸಾಲ ಒಪ್ಪುವ ಅಧಿಕಾರಿಯ ಹೊಣೆಯನ್ನೂ ಗೊತ್ತುಮಾಡಬೇಕು ಎಂದಿತು. ಆ ಚೌಕಟ್ಟಿನಲ್ಲಿ ಫೀ ಕೊಟ್ಟವನಿಗೆ ವರದಿಯ ಒಂದು ಪ್ರತಿ ಕೊಡಲೇಬೇಕೆಂಬ ನಿಯಮವೂ ಇರಬೇಕು. ಸಾಲ ತೀರಿದ 30 ದಿನದೊಳಗೆ ಕಾಗದ ಮರಳಿಸದಿದ್ದರೆ, ತಪ್ಪು ತಮ್ಮದಾದರೆ, ದಿನಕ್ಕೆ 5,000 ರೂಪಾಯಿ ಕೊಡಬೇಕೆಂದು 2023ರಲ್ಲಿ ಬ್ಯಾಂಕುಗಳಿಗೆ ಹೇಳಲು ರಿಸರ್ವ್ ಬ್ಯಾಂಕಿಗೆ ಆದರೆ, ಸಾಲ ಕೊಡುವ ಮುನ್ನ ಆ ಕಾಗದದಲ್ಲಿ ವಕೀಲರು ಏನು ಕಂಡರೆಂದು ಕೊಳ್ಳುವವನಿಗೆ ತಿಳಿಸಿರಿ ಎಂದು ಹೇಳಲೂ ಆಗುತ್ತದೆ.