ಸೈಬರ್ ಭಯೋತ್ಪಾದನೆ: ಕರ್ನಾಟಕ ಸರ್ಕಾರದ ಸನ್ನದ್ಧತೆ

ದೇಶದ ಏಕತೆ, ಭದ್ರತೆಗೆ ಧಕ್ಕೆ ತರಲು ಅಥವಾ ಜನರಲ್ಲಿ ಭೀತಿ ಹುಟ್ಟಿಸಲು ಕಂಪ್ಯೂಟರ್ ಜಾಲಗಳ ಮೇಲೆ ನಡೆಸುವ ದಾಳಿಗೆ ಸೈಬರ್ ಭಯೋತ್ಪಾದನೆ ಎನ್ನುತ್ತಾರೆ. ವಿದ್ಯುತ್, ಬ್ಯಾಂಕು, ಆಸ್ಪತ್ರೆ, ಸರ್ಕಾರಿ ದಾಖಲೆ ಇವೆಲ್ಲ ಅದರ ಗುರಿಯಾಗಬಲ್ಲವು.

ಹಿನ್ನೆಲೆ: ರಾಜ್ಯದ ಭೂಮಿ ಯೋಜನೆ 2000ದ ದಶಕದ ಆರಂಭದಲ್ಲಿ ಜಮೀನಿನ ದಾಖಲೆಗಳಾದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು, ಕೈಬರಹದ ಪಹಣಿಗಿದ್ದ ಮಾನ್ಯತೆ ಹೋಯಿತು. ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದ ರೈತನ ಹೊಲದ ಹಕ್ಕಿಗೂ ಕಂಪ್ಯೂಟರೇ ಆಧಾರವಾಯಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ತಂತ್ರಾಂಶದೊಳಗೆ ಹೋಗಬೇಕಿತ್ತು. ಸರ್ಕಾರಿ ಮಾಹಿತಿಯ ರಕ್ಷಣೆಗೆ ರಾಜ್ಯ ಕೈಗೊಂಡ ಆರಂಭದ ಕ್ರಮಗಳಲ್ಲಿ ಇದೂ ಒಂದು.

ಕಾನೂನು: ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಮರುವರ್ಷವೇ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾಯಿತು. ಕೇಂದ್ರದ ತುರ್ತು ಸ್ಪಂದನ ತಂಡ ಸರ್ಟ್-ಇನ್ 2004ರಲ್ಲಿ ಕೆಲಸ ಆರಂಭಿಸಿತು. ಮೂಲ ಕಾಯ್ದೆಯಲ್ಲಿ ಸೈಬರ್ ಭಯೋತ್ಪಾದನೆಯ ಪ್ರಸ್ತಾಪವಿರಲಿಲ್ಲ. 2008ರ ತಿದ್ದುಪಡಿ 66ಎಫ್ ಕಲಮನ್ನು ಸೇರಿಸಿ ಜೀವಾವಧಿವರೆಗಿನ ಶಿಕ್ಷೆ ಗೊತ್ತುಮಾಡಿತು. ಅದು ಜಾರಿಯಾದದ್ದು 2009ರ ಅಕ್ಟೋಬರ್ 27ರಂದು. ಅತಿಮುಖ್ಯ ಜಾಲಗಳ ರಕ್ಷಣೆಗೆ ಎನ್‌ಸಿಐಐಪಿಸಿ ಎಂಬ ಕೇಂದ್ರ ಸಂಸ್ಥೆ 2014ರಲ್ಲಿ ಸ್ಥಾಪನೆಯಾಯಿತು.

ಪ್ರಮುಖ ಘಟನೆಗಳು: 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ಮತ್ತು ತಿರುಚಿದ ಚಿತ್ರಗಳ ಮೂಲಕ ಹರಡಿದ ದಾಳಿಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಕೇಂದ್ರವು ಸಗಟು ಸಂದೇಶಗಳನ್ನು 15 ದಿನ ನಿರ್ಬಂಧಿಸಿತು. ಒಂದೇ ಒಂದು ಜಾಲಕ್ಕೂ ಕನ್ನ ಬೀಳದೆ ಭೀತಿ ಹಬ್ಬಿತ್ತು. 2014ರ ಡಿಸೆಂಬರ್‌ನಲ್ಲಿ ಐಸಿಸ್ ಪರ ಟ್ವಿಟರ್ ಖಾತೆ ‘ಶಮಿ ವಿಟ್ನೆಸ್’ ನಡೆಸುತ್ತಿದ್ದ ಆರೋಪದ ಮೇಲೆ ಬೆಂಗಳೂರಿನಲ್ಲಿ ಒಬ್ಬನ ಬಂಧನವಾಯಿತು. 2019ರಲ್ಲಿ ರಾಜ್ಯದ ಇ-ಸಂಗ್ರಹಣಾ ಪೋರ್ಟಲಿಗೆ ಕನ್ನ ಹಾಕಿ 11.5 ಕೋಟಿ ರೂ. ದೋಚಿದ್ದು ಬಯಲಾಯಿತು. ಅದು ಹಣದಾಸೆಯ ಕೃತ್ಯವಾದರೂ, ಸರ್ಕಾರಿ ಜಾಲ ಎಷ್ಟು ದುರ್ಬಲವೆಂಬುದನ್ನು ತೋರಿಸಿಕೊಟ್ಟಿತು.

ಸಂಸ್ಥೆಗಳು, ನೀತಿ: ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದ ‘ಸೈಸೆಕ್’ ಉತ್ಕೃಷ್ಟತಾ ಕೇಂದ್ರ ತರಬೇತಿ, ಜಾಗೃತಿಯ ಕೆಲಸ ಮಾಡುತ್ತಿದೆ. ತನಿಖಾಧಿಕಾರಿಗಳು, ಅಭಿಯೋಜಕರು, ನ್ಯಾಯಾಧೀಶರಿಗಾಗಿ ಸಿಐಡಿಯಲ್ಲಿ 2019ರಲ್ಲಿ ತರಬೇತಿ ಕೇಂದ್ರ ತೆರೆಯಿತು. ಜಿಲ್ಲೆಗಳಲ್ಲಿ ಸೈಬರ್ ಪ್ರಕರಣಗಳನ್ನು ಸಿಇಎನ್ ಠಾಣೆಗಳು ನೋಡಿಕೊಳ್ಳುತ್ತಿದ್ದವು. ಆರ್ಥಿಕ ಅಪರಾಧ, ಮಾದಕವಸ್ತು ಪ್ರಕರಣಗಳ ಹೊರೆಯೂ ಅವುಗಳ ಮೇಲೇ ಇತ್ತು.

ತನಿಖೆಯಲ್ಲಿ ದೇಶಕ್ಕೇ ಮೊದಲಿಗನಾದ ಕರ್ನಾಟಕ, ರಕ್ಷಣೆಯ ವಿಷಯದಲ್ಲಿ ತಡವಾಗಿ ಎಚ್ಚೆತ್ತಿತು. ರಾಜ್ಯದ ಸೈಬರ್ ಭದ್ರತಾ ನೀತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಅದರ ಒಂದು ಭಾಗ ಜನತೆ, ಶಿಕ್ಷಣ, ಉದ್ಯಮಗಳಿಗೆ, ಇನ್ನೊಂದು ಸರ್ಕಾರದ್ದೇ ಕಂಪ್ಯೂಟರ್ ವ್ಯವಸ್ಥೆಗೆ ಸಂಬಂಧಿಸಿದ್ದು. ಸೈಬರ್ ಪ್ರಕರಣಗಳ ಹೊಣೆ ಹೊತ್ತ ಪ್ರತ್ಯೇಕ ಸೈಬರ್ ಕಮಾಂಡ್ ಘಟಕ 2025ರಲ್ಲಿ ರಚನೆಯಾಯಿತು.