ಉಪಗ್ರಹ ಕ್ಯಾಮೆರಾ

ಭೂಮಿಯಿಂದ ಪ್ರತಿಫಲಿಸುವ ಬೆಳಕನ್ನು ಕಕ್ಷೆಯಿಂದಲೇ ಅಳೆದು, ಅಂಕಿಗಳಾಗಿ ದಾಖಲಿಸುವ ಸಾಧನ. ದೂರಸಂವೇದಿ ಉಪಗ್ರಹಗಳ ಮುಖ್ಯ ಉಪಕರಣ.

ಇತಿಹಾಸ: 1960ರ ದಶಕದಲ್ಲಿ ಅಮೆರಿಕದ ಕರೋನಾ ಬೇಹು ಉಪಗ್ರಹಗಳು ಫಿಲ್ಮ್ ಸುರುಳಿಯನ್ನು ಕೋಶದಲ್ಲಿಟ್ಟು ಕೆಳಗೆ ಬಿಡುತ್ತಿದ್ದವು; ಪ್ಯಾರಾಚೂಟಿನಲ್ಲಿ ಇಳಿಯುವ ಕೋಶವನ್ನು ವಿಮಾನಗಳು ಆಕಾಶದಲ್ಲೇ ಹಿಡಿಯುತ್ತಿದ್ದವು. 1972ರ ಲ್ಯಾಂಡ್‌ಸ್ಯಾಟ್-1 ಆಡುವ ಕನ್ನಡಿಯಿಂದ ನೆಲವನ್ನು ಸವರಿ, ಅಂಕಿಗಳನ್ನು ರೇಡಿಯೊ ಮೂಲಕ ಕಳಿಸಿತು. ಬೆಂಗಳೂರಿನಲ್ಲಿ ಸಿದ್ಧವಾಗಿ 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಭಾರತದ ಐಆರ್‌ಎಸ್-1ಎಯಲ್ಲಿ ಕನ್ನಡಿಯ ಬದಲು ಸಿಸಿಡಿ ಸಂವೇದಕಗಳ ಸಾಲು ಇತ್ತು.

ಕಾರ್ಯವಿಧಾನ: ಇಂಥ ಕ್ಯಾಮೆರಾ ಮೊಬೈಲ್ ಫೋನಿನಂತೆ ಇಡೀ ದೃಶ್ಯವನ್ನು ಒಮ್ಮೆಗೇ ಕ್ಲಿಕ್ಕಿಸುವುದಿಲ್ಲ, ಅಂಗಳ ಗುಡಿಸುವ ಪೊರಕೆಯಂತೆ ನೆಲದ ಒಂದೊಂದೇ ಗೆರೆಯನ್ನು ಓದುತ್ತದೆ. ಚಿತ್ರದ ಅಗಲವನ್ನು ಸಂವೇದಕಗಳ ಸಾಲು ಕೊಟ್ಟರೆ, ಉದ್ದವನ್ನು ಉಪಗ್ರಹದ ಓಟವೇ ಕೊಡುತ್ತದೆ. 2011ರಲ್ಲಿ ಹಾರಿದ ರಿಸೋರ್ಸ್‌ಸ್ಯಾಟ್-2ರ ಲಿಸ್-3 ಕ್ಯಾಮೆರಾ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 817 ಕಿ.ಮೀ. ಎತ್ತರದಿಂದ ಅದರ ಒಂದು ಸಾಲಿನ 6,000 ಸಂವೇದಕಗಳು 141 ಕಿ.ಮೀ. ಅಗಲದ ಪಟ್ಟಿಯನ್ನು ನೋಡುತ್ತವೆ. ಒಂದೊಂದರ ಪಾಲಿಗೆ 23.5 ಮೀಟರ್ ನೆಲ. ಉಪಗ್ರಹ ಅಷ್ಟು ದೂರ ಸಾಗುವ ಮೂರೂವರೆ ಮಿಲಿಸೆಕೆಂಡಿನಲ್ಲಿ ಒಂದು ಗೆರೆಯನ್ನು ಓದಿ ಮುಗಿಸಿರಬೇಕು. ಈ ಲೆಕ್ಕದಲ್ಲಿ ಒಂದು ಎಕರೆ ಗದ್ದೆ ಚಿತ್ರದಲ್ಲಿ ಏಳು ಚುಕ್ಕಿಗಳಷ್ಟೇ.

ಬಣ್ಣ: ಸಂವೇದಕಕ್ಕೆ ಬಣ್ಣ ತಿಳಿಯದು, ಬೆಳಕಿನ ಪ್ರಮಾಣವಷ್ಟೇ ತಿಳಿಯುತ್ತದೆ. ಆದ್ದರಿಂದ ಲಿಸ್-3ರಲ್ಲಿ ಹಸಿರು, ಕೆಂಪು, ಸಮೀಪ ಅವಕೆಂಪು, ಕಿರುತರಂಗ ಅವಕೆಂಪು ಪಟ್ಟಿಗಳಿಗೆ ಪ್ರತ್ಯೇಕ ಮಸೂರ ಮತ್ತು ಸಂವೇದಕ ಸಾಲುಗಳಿವೆ. ಹಸಿರೆಲೆ ಸಮೀಪ ಅವಕೆಂಪನ್ನು ಹೇರಳವಾಗಿ ಪ್ರತಿಫಲಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಈ ಪಟ್ಟಿಗೆ ಕೆಂಪು ಬಣ್ಣ ಕೊಟ್ಟು ಚಿತ್ರ ಜೋಡಿಸುವುದು ವಾಡಿಕೆ. ಹಾಗಾಗಿ ಅಡಕೆ ತೋಟ ರಕ್ತಗೆಂಪಾಗಿಯೂ ತಿಳಿನೀರಿನ ಕೆರೆ ಕಪ್ಪಾಗಿಯೂ ತೋರುತ್ತವೆ.

ಸ್ವೀಕಾರ ಮತ್ತು ಮಿತಿ: ಭಾರತದಲ್ಲಿ ಈ ದತ್ತಾಂಶವನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಶಾದ್‌ನಗರ ನಿಲ್ದಾಣ ಪಡೆಯುತ್ತದೆ. ಭೂಮಿಯ ತಿರುಗುವಿಕೆಯಿಂದ ಗೆರೆಗಳಲ್ಲಿ ಉಂಟಾದ ಓರೆಯನ್ನು ಸರಿಪಡಿಸಿ, ನಕ್ಷೆಗೆ ಹೊಂದಿಸಿದ ಮೇಲೆಯೇ ಚಿತ್ರ ಬಳಕೆಗೆ ಬರುತ್ತದೆ. ಬಿಸಿಲಿನ ಬೆಳಕನ್ನೇ ನೆಚ್ಚಿದ ಈ ಕ್ಯಾಮೆರಾ ಮೋಡದಾಚೆ ನೋಡಲಾರದು. ಮಳೆಗಾಲದ ಪಶ್ಚಿಮಘಟ್ಟವನ್ನು ಕಾಣಲು ರಿಸ್ಯಾಟ್‌ನಂಥ ರೇಡಾರ್ ಉಪಗ್ರಹಗಳೇ ಬೇಕು.